ಮಿಕ್ಕಿ ಜೊತೆ ಒಂದೇ ತಿಂಡಿ ಸಾಕು ಮಾರಾಯ್ತಿ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ, ದೋಸೆ ಹೊಯ್ಯುವ ಗಡಿಬಿಡಿಯಲ್ಲಿ ಉತ್ತರ ಕೊಡಲು ಆಗಲಿಲ್ಲ. ಮೇ ತಿಂಗಳಲ್ಲಿ ಅಮೆರಿಕದ ಒರ್ಲ್ಯಾಂಡೊಗೆ ಹೋದಾಗ ನಾಲ್ಕು ದಿನಕ್ಕೆ ನಾಲ್ಕೂ ಡಿಸ್ನಿ ಪಾರ್ಕ್, ದಿನಾ ಒಂದೊಂದು ಕ್ಯಾರೆಕ್ಟರ್ ಊಟ (ಮಿಕ್ಕಿ ತರದ ವೇಷ ಹಾಕಿದವರು ಟೇಬಲ್ ಹತ್ತಿರ ಬರುವ ಊಟ) ಅಂತ ಪಟ್ಟಿ ಹಾಕಿದ್ದೀಯಲ್ಲ, ಓದಿಯೇ ನನ್ನ ಕಾಲು ನೋಯಲು ಶುರುವಾಯಿತು. ಹೋದ ವರ್ಷ ಮಗಳ ಮನೆಗೆ ಹೋದಾಗ ನಾವೂ ಇದೇ ಕೆಲಸ ಮಾಡಿ ಕೈ ಸುಟ್ಟುಕೊಂಡಿದ್ದು.

ಒಂದೇ ಊಟ ಸಾಕು. ಅದನ್ನೂ ಪಾರ್ಕಿಗೆ ಹೋಗದ ದಿನ ಇಟ್ಟುಕೊ. ಕಂಟೆಂಪರರಿ ಅನ್ನುವ ಡಿಸ್ನಿ ಹೋಟೆಲಿನಲ್ಲಿ ಶೆಫ್ ಮಿಕ್ಕೀಸ್ ಅಂತ ಊಟದ ಜಾಗ ಇದೆ, ಅಲ್ಲಿಗೆ ಪಾರ್ಕ್ ಟಿಕೆಟ್ ಬೇಡ. ಮಿಕ್ಕಿ, ಮಿನ್ನಿ, ಡೊನಾಲ್ಡ್, ಗೂಫಿ, ಪ್ಲೂಟೊ ಎಲ್ಲಾ ನಾವು ಕೂತಲ್ಲಿಗೇ ಬರುತ್ತಾರೆ. ಇಂಥದ್ದೇ ಇನ್ನೊಂದು ಊಟದ ಜಾಗ ಕ್ರಿಸ್ಟಲ್ ಪ್ಯಾಲೆಸ್, ಅದು ಮ್ಯಾಜಿಕ್ ಕಿಂಗ್ಡಮ್ ಪಾರ್ಕಿನ ಒಳಗಿದೆ. ಅಲ್ಲಿ ತಿನ್ನುತ್ತಾ ಕೂತರೆ ದುಡ್ಡು ಕೊಟ್ಟ ಟಿಕೆಟ್ ವೇಸ್ಟ್ ಆಗುತ್ತಿದೆ ಅಂತ ಮನಸ್ಸು ಕಚ್ಚುತ್ತಿರುತ್ತದೆ.

ಇನ್ನೊಂದು ಏನೆಂದರೆ, ಮಕ್ಕಳು ಹೆದರುತ್ತಾರೆ. ನಮ್ಮ ಮೊಮ್ಮಗಳು ಟಿವಿಯಲ್ಲಿ ಮಿಕ್ಕಿ ಬಂದರೆ ಕುಣಿಯುವವಳು, ಅಷ್ಟು ದೊಡ್ಡ ತಲೆ ಹತ್ತಿರ ಬಂದದ್ದೇ ತಡ, ಟೇಬಲ್ ಕೆಳಗೆ! ಒಂದು ಕೈಯಲ್ಲಿ ಮಿಕ್ಕಿ ಮುಖದ ವಾಫಲ್, ಇನ್ನೊಂದರಲ್ಲಿ ನನ್ನ ಸೀರೆ ನೆರಿಗೆ. ಯಕ್ಷಗಾನದಲ್ಲಿ ಬಣ್ಣದ ವೇಷ ಕೂಗುತ್ತಾ ಬಂದಾಗ ಮುಂದೆ ಕೂತ ಮಕ್ಕಳು ಏಳುತ್ತಾರಲ್ಲ, ಹಾಗೆ. ಈ ಮಿಕ್ಕಿ, ಪ್ಲೂಟೊ ವೇಷದವರೋ ಮಾತೇ ಆಡುವುದಿಲ್ಲ, ಬರೀ ಕೈಸನ್ನೆ. ಪ್ಲೂಟೊ ದೂರ ನಿಂತು ಕಣ್ಣು ಮುಚ್ಚಿ ತೆಗೆದು ಆಟ ಆಡಿದ ಮೇಲೆ ಈಚೆ ಬಂದಳು, ವಾಫಲ್ಲಿನ ಒಂದು ಕಿವಿ ಮುರಿದು ಅವನ ಬಾಯಿಗೆ ಇಡಲು ಹೋದಳು. ಸಕ್ರೆಬೈಲಿನಲ್ಲಿ ಆನೆ ನೀರಿಂದ ಎದ್ದು ಬಂದಾಗ ನಿನ್ನ ಮಗ ಎಷ್ಟು ಅತ್ತಿದ್ದ, ನೆನಪಿದೆ ಅಲ್ವಾ? ಸುಮ್ನೆ ಎತ್ತಿ ಮಿಕ್ಕಿ ಕೈಗೆ ಕೊಡಬೇಡ, ಅವನಾಗಿ ಬರಲಿ.

ಅವನಿಗೆ ಜೂನ್‌ಗೆ 3 ತುಂಬುವುದು. ಹುಟ್ಟುಹಬ್ಬ ಮುಗಿಸಿ ಹೋಗೋಣ ಅಂತ ನಿನ್ನ ಗಂಡ ಅಂದರೆ ಕೇಳಬೇಡ. 3 ತುಂಬದ ಮಕ್ಕಳಿಗೆ ಪಾರ್ಕ್ ಟಿಕೆಟ್ ಇಲ್ಲ, ಬಫೆಗೂ ದುಡ್ಡಿಲ್ಲ. ನಿನ್ನ ದೊಡ್ಡ ಮಗಳಿಗೆ 9ರವರೆಗೆ ಮಕ್ಕಳ ರೇಟೇ.

ಊಟದ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ಅಲ್ಲಿ ಬೆಳಿಗ್ಗೆ 6 ಅಂದರೆ ಆಗ ನಮಗೆ ಮಧ್ಯಾಹ್ನ 3.30, ನೀನು ಇಲ್ಲೇ ಕಾಫಿ ಕುಡಿಯುತ್ತಾ ಮಾಡಬಹುದು. ಬುಕ್ ಮಾಡಿ ಹೇಳದೆ ಹೋಗದಿದ್ದರೆ ತಲೆಗೆ 10 ಡಾಲರ್ ಹಿಡಿಯುತ್ತಾರೆ. ಮೊಟ್ಟೆ ತಿನ್ನುವುದಿಲ್ಲ ಅಂತ ಆಗಲೇ ಬರೆ, ಕೂತ ಮೇಲೆ ಬಡಿಸುವವರಿಗೆ ಇನ್ನೊಮ್ಮೆ ಹೇಳು. ವಾಫಲ್ ಹಿಟ್ಟನ್ನೂ ಕೇಳಿಯೇ ತಿನ್ನು.

ಪಾರ್ಕಿನ ದಿನ ಗೇಟ್ ತೆಗೆಯುವ ಮೊದಲೇ ಹೋಗಿ ನಿಲ್ಲು, ಮಧ್ಯಾಹ್ನ ರೂಮಿಗೆ ಬಂದು ಮಲಗಿಸು. ನಾವು ಮಲಗಿಸದೆ ರಾತ್ರಿ ಪಾರ್ಕಿನಲ್ಲಿ ಹೊಡೆಯುವ ಪಟಾಕಿ ತನಕ ಎಳೆದೆವು, ಪಟಾಕಿ ಹೊತ್ತಿಗೆ ಎರಡೂ ಮಕ್ಕಳು ಕೋಪದಲ್ಲಿ ನೆಲದ ಮೇಲೆ. ಮೇ ಕೊನೆ ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ನಮ್ಮ ಆಗುಂಬೆ ಮಳೆ ತರ ಬಿಡದೆ ಹಿಡಿಯುವುದಿಲ್ಲ, ಸುರಿದು ಬಿಡುತ್ತದೆ. ಚಪಾತಿ, ಅವಲಕ್ಕಿ ಒಳಗೆ ಬಿಡುತ್ತಾರೆ. ನಿನ್ನ ಅತ್ತೆಯವರು ಕೊಡುವ ಮಿಡಿ ಉಪ್ಪಿನಕಾಯಿ ಗಾಜಿನ ಬಾಟಲಿಯಲ್ಲಿ ಬೇಡ, ಗಾಜು ಬಿಡುವುದಿಲ್ಲ. ಪ್ರತಿ ಪಾರ್ಕಿನಲ್ಲೂ ಬೇಬಿ ಕೇರ್ ಸೆಂಟರ್ ಇದೆ, ಡೈಪರ್ ಬದಲಿಸಲು, ಊಟ ಮಾಡಿಸಲು ತಣ್ಣಗಿನ ಜಾಗ. ಮ್ಯಾಜಿಕ್ ಕಿಂಗ್ಡಮ್‌ನ ಸೆವೆನ್ ಡ್ವಾರ್ಫ್ಸ್ ಆಟದ ರೈಲಿಗೆ 38 ಇಂಚು ಎತ್ತರ ಬೇಕು, ಗೋಡೆಗೆ ನಿಲ್ಲಿಸಿ ಈಗಲೇ ಅಳೆದುಬಿಡು. ಚಿಕ್ಕವನು ಆಗದಿದ್ದರೆ ರೈಡರ್ ಸ್ವಿಚ್ ಕೇಳು, ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಪೂರ್ತಿ ಕ್ಯೂ ನಿಲ್ಲಬೇಕಿಲ್ಲ.

ಪಟ್ಟಿ ತಿದ್ದಿ ಮತ್ತೆ ಹಾಕು. ನಮ್ಮ ತಳ್ಳುಗಾಡಿ ಅಟ್ಟದ ಮೇಲಿದೆ, ಭಾನುವಾರ ತೀರ್ಥಹಳ್ಳಿ ಕಡೆ ಬಂದರೆ ಒಯ್ಯಿ. ಒಂದು ಚಕ್ರ ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟುಕೊ.