ಟ್ಯೂಷನ್ ಆ್ಯಪ್‌ನಲ್ಲಿ ಮಗಳ ಹೆಸರು, ಶಾಲೆ, ಫೋಟೊ ಎಲ್ಲರಿಗೂ ಕಾಣುತ್ತಿದೆ, ಏನು ಮಾಡಲಿ?

ದಾವಣಗೆರೆ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು. ಗಣಿತ ಕಷ್ಟ ಅಂತಿದ್ದಳು, ಅದಕ್ಕೆ ಒಂದು ಟ್ಯೂಷನ್ ಆ್ಯಪ್ ಹಾಕಿಕೊಟ್ಟೆ. ಡೆಮೊ ಕ್ಲಾಸ್ ಫ್ರೀ ಅಂತ ಇತ್ತು, ನನ್ನ ನಂಬರಿಗೆ ಓಟಿಪಿ ಬಂತು, ಹಾಕಿದೆ. ಅವತ್ತಿನಿಂದ ದಿನಕ್ಕೆ ಆರೇಳು ಫೋನು. ಅದನ್ನಾದರೂ ಸಹಿಸಿಕೊಂಡಿದ್ದೆ.

ಮೊನ್ನೆ ರಾತ್ರಿ ಅವಳ ಪಕ್ಕ ಕೂತು ನೋಡಿದೆ. ವಾರದ ಕ್ವಿಜ್‌ನ ರ್‍ಯಾಂಕ್ ಪಟ್ಟಿಯಲ್ಲಿ ಅವಳ ಪೂರ್ತಿ ಹೆಸರು, ಯೂನಿಫಾರ್ಮ್ ಹಾಕಿದ ಫೋಟೊ, ಶಾಲೆ, ಊರು ಎಲ್ಲ ಇದೆ. ಕೆಳಗೇ ಮೆಸೇಜ್ ಬಟನ್. ಯಾರೋ "ನಾನೂ ಎಂಟನೇ ಕ್ಲಾಸು" ಅಂತ ಮಾತು ಶುರು ಮಾಡಿ, ನಾಲ್ಕು ದಿನ ಲೆಕ್ಕದ ವಿಷಯ ಮಾತಾಡಿ, ಐದನೇ ದಿನ "ಸ್ಕೂಲ್ ಎಷ್ಟೊತ್ತಿಗೆ ಬಿಡ್ತಾರೆ, ಯಾರ ಜೊತೆ ಮನೆಗೆ ಹೋಗ್ತೀಯ, ವಾಟ್ಸಾಪ್ ನಂಬರ್ ಕೊಡು" ಅಂತ ಕೇಳಿದ್ದಾರೆ. ನಂಬರ್ ಕೊಟ್ಟಿಲ್ಲ. "ನಾಲ್ಕೂವರೆಗೆ" ಅಂತ ಮಾತ್ರ ಬರೆದಿದ್ದಾಳೆ. ಅದನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಮನೆಯವರು ಆ್ಯಪ್ ತೆಗೆದುಹಾಕು, ಫೋನ್ ಕಿತ್ತುಕೋ ಅಂತಾರೆ. ಅಷ್ಟು ಮಾಡಿದರೆ ಸಾಕಾ?

ಮೈಸೂರು ಕೋಡರ್:
ಅಕ್ಕ, ದಯವಿಟ್ಟು ಈಗಲೇ ಆ್ಯಪ್ ತೆಗೆಯಬೇಡಿ. ಮೊದಲು ಆ ಚಾಟ್ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಡಿ, ದಿನಾಂಕ, ಸಮಯ, ಎದುರಿನವರ ಪ್ರೊಫೈಲ್ ಎಲ್ಲ ಕಾಣುವ ಹಾಗೆ. ಬ್ಲಾಕ್ ಮಾಡಿದ ಮೇಲೆ ಕೆಲವು ಆ್ಯಪ್‌ಗಳಲ್ಲಿ ಚಾಟ್ ಮಾಯವಾಗುತ್ತದೆ. ಆಮೇಲೆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಹೆಂಗಸರು ಮತ್ತು ಮಕ್ಕಳ ದೂರಿಗೆ ಬೇರೆಯೇ ವಿಭಾಗ ಇದೆ, ಅಲ್ಲಿ ದೂರು ಹಾಕಿ. ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಬಹುದು.

ಇನ್ನು ಪ್ರೊಫೈಲ್. ಹೆಸರಿನ ಜಾಗದಲ್ಲಿ ಬೇರೆ ಏನಾದರೂ ಇಡಿ, ಫೋಟೊ ತೆಗೆಯಿರಿ, ಶಾಲೆ ಖಾಲಿ ಬಿಡಿ. ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ಲೊಕೇಶನ್, ಕಾಂಟ್ಯಾಕ್ಟ್ಸ್ ಪರ್ಮಿಷನ್ ಆಫ್ ಮಾಡಿ. ಲೆಕ್ಕ ಹೇಳಿಕೊಡೋಕೆ ನಿಮ್ಮ ಕಾಂಟ್ಯಾಕ್ಟ್ಸ್ ಯಾಕೆ ಬೇಕು, ಅಲ್ವಾ?

ಕೊನೆಗೆ ಖಾತೆ ಅಳಿಸಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ನಿಮ್ಮ ಫೋನಿಂದ ಹೋಗುತ್ತದೆ, ಅವರ ಸರ್ವರ್‌ನಲ್ಲಿರುವ ಫೋಟೊ ಅಲ್ಲೇ ಇರುತ್ತದೆ. ಖಾತೆ ತೆರೆಯಲು ಬಿಡುವ ಆ್ಯಪ್, ಅದನ್ನು ಅಳಿಸುವ ದಾರಿಯನ್ನೂ ಕೊಡಲೇಬೇಕು ಅಂತ ಗೂಗಲ್ ಪ್ಲೇ ನಿಯಮವೇ ಇದೆ. ಪ್ಲೇ ಸ್ಟೋರ್‌ನಲ್ಲಿ ಆ ಆ್ಯಪ್‌ನ ಪುಟದ ಡೇಟಾ ಸೇಫ್ಟಿ ಭಾಗ ನೋಡಿ.

ಹಳೇ ಟೆಲಿಕಾಲರ್:
ಫೋನ್ ಕರೆಗಳ ಬಗ್ಗೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಇಂಥದ್ದೇ ಒಂದು ಕಂಪನಿಯಲ್ಲಿ ಒಂದೂವರೆ ವರ್ಷ ಕೆಲಸ ಮಾಡಿದ್ದೆ. ಡೆಮೊಗೆ ನಂಬರ್ ಕೊಟ್ಟ ಕ್ಷಣದಿಂದ ನೀವು ಒಂದು ಲೀಡ್, ಅಂದರೆ ಮುಂದೆ ಗಿರಾಕಿ ಆಗಬಹುದಾದವರು. ಅಪ್ಪನ ಕೆಲಸ ಏನು, ಮಗು ಯಾವ ಶಾಲೆ, ಮನೆಯಲ್ಲಿ ದುಡ್ಡಿನ ತೀರ್ಮಾನ ಯಾರದ್ದು, ಇದೆಲ್ಲ ಮಾತಲ್ಲಿ ಮಾತು ಸೇರಿಸಿ ಕೇಳಿ ತುಂಬಿಕೊಳ್ಳುತ್ತಿದ್ದೆವು. ನೀವು "ಆಮೇಲೆ ನೋಡೋಣ" ಅಂದರೆ ಆ ಲೀಡ್ ಇನ್ನೊಬ್ಬರ ಕೈಗೆ ಹೋಗುತ್ತಿತ್ತು, ಅದಕ್ಕೇ ಪ್ರತಿಸಲ ಹೊಸ ದನಿ. ನನಗೆ ಈಗಲೂ ಬೇಜಾರಿದೆ. "ಬೇಡ, ನನ್ನ ನಂಬರ್ ತೆಗೆಯಿರಿ" ಅಂತ ನೇರವಾಗಿ ಹೇಳಿ, ಅದನ್ನೇ ಇಮೇಲ್‌ನಲ್ಲೂ ಬರೆಯಿರಿ. ಬೇಡದ ಜಾಹೀರಾತು ಕರೆಗಳನ್ನು ತಡೆಯುವ ಡಿಎನ್‌ಡಿಗೆ 1909ರಲ್ಲಿ ನೋಂದಾಯಿಸಿ, ದೂರೂ ಅಲ್ಲೇ ಕೊಡಬಹುದು.

ತುಮಕೂರು ಲಾಯರ್:
ಕಾನೂನು ನಿಮ್ಮ ಕಡೆಗಿದೆ ಮೇಡಂ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವೇ ಅಂತ ಪರಿಶೀಲಿಸಬೇಕು. ಮಕ್ಕಳ ವಿಷಯದಲ್ಲಿ ತಪ್ಪಿದರೆ ದಂಡ 200 ಕೋಟಿವರೆಗೆ ಹೋಗಬಹುದು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯ ಕೊಟ್ಟಿದ್ದಾರೆ.

ಶಿರಸಿ ಮೇಷ್ಟ್ರು:
ಫೋನ್ ಮಾತ್ರ ಕಿತ್ತುಕೊಳ್ಳಬೇಡಿ ತಾಯಿ. ನಿಮ್ಮನ್ನು ಪಕ್ಕ ಕೂರಿಸಿಕೊಂಡ ಮಗು ಅದು, ಬಚ್ಚಿಟ್ಟಿಲ್ಲ. ಈಗ ಬೈದರೆ ಮುಂದಿನ ಸಲ ಹೇಳುವುದಿಲ್ಲ. ಹೈಸ್ಕೂಲಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ನಾವು ದೊಡ್ಡವರೂ ನೋಡಿ ಹಾಕಿಕೊಟ್ಟಿಲ್ಲವಲ್ಲ. ಕೊರೊನಾ ಕಾಲದಲ್ಲಿ ಯಾವ ಲಿಂಕ್ ಬಂದರೂ ಮಕ್ಕಳಿಗೆ ಕಳಿಸಿದೆವು. 2022ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕುಗಳ ಸಂಸ್ಥೆಯವರು, 49 ದೇಶಗಳ ಸರ್ಕಾರಗಳು ಆಗ ಶಿಫಾರಸು ಮಾಡಿದ್ದ ಕಲಿಕೆಯ ಆ್ಯಪ್, ವೆಬ್‌ಸೈಟ್‌ಗಳನ್ನು ಪರೀಕ್ಷಿಸಿದರೆ, ಅವುಗಳಲ್ಲಿ ನೂರಕ್ಕೆ 89ರಷ್ಟು, ಮಕ್ಕಳ ಹಕ್ಕಿಗೆ ಕುತ್ತು ತರುವ ರೀತಿಯಲ್ಲಿ ಮಾಹಿತಿ ಬಳಸುತ್ತಿದ್ದವು.

ಇನ್ನೊಂದು, ಮುಖ್ಯೋಪಾಧ್ಯಾಯರಿಗೆ ನಾಳೆಯೇ ತಿಳಿಸಿ. ಶಾಲೆ ಬಿಡುವ ಹೊತ್ತು ಅಪರಿಚಿತರ ಕೈಗೆ ಹೋಗಿದೆ, ಗೇಟ್ ಹತ್ತಿರ ಒಬ್ಬರು ಇರಲಿ. ಒಂದಷ್ಟು ದಿನ ನೀವೇ ಹೋಗಿ ಕರೆತನ್ನಿ.

ದಾವಣಗೆರೆ ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಇಬ್ಬರೂ ಕೂತು ಮಾಡಿದೆವು. ಹದಿನಾಲ್ಕು ಸ್ಕ್ರೀನ್‌ಶಾಟ್ ಆದವು. ದೂರಿನಲ್ಲಿ ಏನಾಯಿತು ಅಂತ ಅವಳೇ ಹೇಳುತ್ತಾ ಹೋದಳು, ನಾನು ಟೈಪ್ ಮಾಡಿದೆ. "ನಾಲ್ಕೂವರೆ ಅಂದಿದ್ದೂ ಬರಿ ಅಮ್ಮ" ಅಂದಳು. ಬರೆದೆ. ಶಾಲೆಯಲ್ಲೂ ಹೇಳಿ ಬಂದೆ, ಇವತ್ತಿಂದ ಅವಳನ್ನು ಕರೆತರೋದು ಅವರಪ್ಪ. ಖಾತೆ ಅಳಿಸೋಕೆ ಮನವಿ ಕಳಿಸಿದ್ದೇನೆ, ಉತ್ತರ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.