ಆದ್ಯತೆ, ಪ್ರಾಶಸ್ತ್ಯ, ಒಲವು: ಅರ್ಥಶಾಸ್ತ್ರದಲ್ಲಿ ಯಾವುದು ಎಲ್ಲಿಗೆ?

ಮಾನ್ಯರೇ,

ಉಡುಪಿಯ ಪದವಿ ವಿದ್ಯಾರ್ಥಿಗಳಿಗಾಗಿ ಗಣಿತೀಯ ಅರ್ಥಶಾಸ್ತ್ರದ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪ್ರಿಫರೆನ್ಸ್’ ಎಂಬ ಒಂದೇ ಪದ ಸಾಮಾಜಿಕ ಆಯ್ಕೆ, ಆರ್ಥಿಕ ಬೆಳವಣಿಗೆ, ವಿದೇಶಿ ವ್ಯಾಪಾರ ಈ ಮೂರೂ ಅಧ್ಯಾಯಗಳಲ್ಲಿ ಬರುತ್ತದೆ. ಮೂರು ಕಡೆಯೂ ‘ಆದ್ಯತೆ’ ಎಂದೇ ಬರೆದರೆ ಅರ್ಥ ಕಲಸಿಹೋಗುತ್ತದೆ.

ನಮ್ಮ ಮತದಾರರಿಗೆ ‘ಪ್ರಾಶಸ್ತ್ಯ’ ಹೊಸದಲ್ಲ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಬರೆದು ಕೊಡುವುದು ಪ್ರಾಶಸ್ತ್ಯದ ಮತವನ್ನೇ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲಿ ವಿಚಾರಕ್ಕೆ ಎತ್ತಿಕೊಂಡದ್ದೂ ಇಂಥ ಕ್ರಮಗಳನ್ನು: ಆಯ್ಕೆಗಳು ಮೂರು ಅಥವಾ ಹೆಚ್ಚಿದ್ದಾಗ, ಎಲ್ಲರ ಕ್ರಮಗಳನ್ನು ಕೂಡಿಸಿ ಸಮಾಜಕ್ಕೊಂದು ಸುಸಂಗತ ಕ್ರಮವನ್ನು ಕಟ್ಟುವ ಯಾವ ವಿಧಾನವೂ, ಯಾರೂ ಸರ್ವಾಧಿಕಾರಿಯಾಗಬಾರದೆಂಬುದೂ ಸೇರಿದಂತೆ, ಆತ ಮುಂದಿಟ್ಟ ಸಹಜವೆನಿಸುವ ನಿಬಂಧನೆಗಳನ್ನೆಲ್ಲ ಒಟ್ಟಿಗೆ ಪಾಲಿಸಲಾರದು. ಆದರೆ ‘ಪ್ರಶಸ್ತ’ದಿಂದ ಬಂದ ಪ್ರಾಶಸ್ತ್ಯ ವಸ್ತುವಿನ ಹಿರಿಮೆಯನ್ನು ಹೇಳುತ್ತದೆ, ಆರಿಸುವವನ ಮನಸ್ಸನ್ನಲ್ಲ. ‘ಆದ್ಯ’ ಎಂದರೆ ಮೊದಲನೆಯದು. ಹಾಗಾಗಿ ‘ಮೂರನೆಯ ಆದ್ಯತೆ’ ನನ್ನ ಕಿವಿಗೆ ಒಗ್ಗುವುದಿಲ್ಲ. ‘ಒಲವು’ ಮನಸ್ಸಿನದೇ ಮಾತು, ಆದರೆ ಅದರಲ್ಲಿ ಹೆಚ್ಚು ಕಡಿಮೆಯ ಛಾಯೆಯಿದೆ. ಆರೋ ಲೆಕ್ಕಕ್ಕೆ ಹಿಡಿಯುವುದು ಕ್ರಮವನ್ನು ಮಾತ್ರ. ಒಂದನೆಯದಕ್ಕೂ ಎರಡನೆಯದಕ್ಕೂ ಕೂದಲೆಳೆಯ ಅಂತರವಿರಲಿ, ಅಜಗಜಾಂತರವಿರಲಿ, ಅಲ್ಲಿ ಎರಡೂ ಒಂದೇ.

ಬೆಳವಣಿಗೆಯ ಅಧ್ಯಾಯದಲ್ಲಿ ಈ ಛಾಯೆಯೇ ಬೇಕಾಗುತ್ತದೆ. ನಾಳಿನ ಅನುಭೋಗಕ್ಕಿಂತ ಇಂದಿನದಕ್ಕೆ ಹೆಚ್ಚು ಬೆಲೆ ಕೊಡುವುದಕ್ಕೆ ಅಲ್ಲಿ ಒಂದು ದರವೇ ಇದೆ. 1928ರಲ್ಲಿ ಬ್ರಿಟಿಷ್ ಗಣಿತಜ್ಞ ಫ್ರ್ಯಾಂಕ್ ರ‍್ಯಾಮ್ಸೆ ಹಾಗೆ ಬೆಲೆ ತಗ್ಗಿಸುವುದನ್ನು ನೈತಿಕವಾಗಿ ಸಮರ್ಥಿಸಲಾಗದು ಎಂದಿದ್ದರು. ಈ ‘ಟೈಮ್ ಪ್ರಿಫರೆನ್ಸ್’ಗೆ ‘ಇಂದಿನೊಲವು’ ಎಂದು ಬರೆದುಕೊಂಡಿದ್ದೇನೆ, ಧೈರ್ಯ ಸಾಲದು. ವ್ಯಾಪಾರದಲ್ಲಿ ತೊಡಕಿಲ್ಲ: 2019ರ ಜೂನ್‌ನಲ್ಲಿ ಅಮೆರಿಕ ಭಾರತಕ್ಕೆ ನಿಲ್ಲಿಸಿದ್ದು ‘ಪ್ರಿಫರೆನ್ಸ್’ ಹೆಸರಿನ ಸುಂಕದ ರಿಯಾಯಿತಿ, ಅದಕ್ಕೆ ‘ಆದ್ಯತೆ’ ಸಲ್ಲುತ್ತದೆ.

ಇನ್ನೂ ಒಂದು ಸಂದೇಹ ಜೊತೆಗಿದೆ. ಎರಡು ಆಯ್ಕೆಗಳು ಸಮನಾಗಿ ಒಪ್ಪಿಗೆಯಾಗುವುದನ್ನು ನಮ್ಮ ಪಾಠಗಳು ‘ಔದಾಸೀನ್ಯ’ (ಇಂಡಿಫರೆನ್ಸ್) ಎನ್ನುತ್ತವೆ. ಆ ಮಾತು ಕೇಳಿದ ವಿದ್ಯಾರ್ಥಿಗೆ ಹೊಳೆಯುವುದು ಅಸಡ್ಡೆ. ಕುಂದಾಪುರದ ಕಡೆಯವರು ಇದೇ ಭಾವವನ್ನು ‘ಯಾವುದಾದರೂ ಅಡ್ಡಿಲ್ಲೆ’ ಎಂದು ಸಲೀಸಾಗಿ ಹೇಳಿಬಿಡುತ್ತಾರೆ. ‘ಸಮ್ಮತಿ’ಯ ಜಾಡಿನಲ್ಲಿ ‘ಸಮಮತಿ’ ಎಂದರೆ ನಿಲ್ಲಬಹುದೇ? ಆರೋ ಹೇಳುವ, ತೀವ್ರತೆಯ ಸೋಂಕಿಲ್ಲದ ಬರಿಯ ಕ್ರಮಕ್ಕೆ ‘ಆಯ್ಕೆಯ ಸಾಲು’ ಸಾಕೇ, ಅಥವಾ ಹಳೆಯ ಪ್ರಯೋಗಗಳಲ್ಲಿ ಇದಕ್ಕಿಂತ ಹೊಂದುವ ಪದವನ್ನು ಯಾರಾದರೂ ಕಂಡಿದ್ದೀರಾ?