ಪ್ರಶ್ನೋತ್ತರ: ಕಾಂಪೌಂಡ್ ಪಕ್ಕ ಮರೆಗೆ ಯಾವ ಗಿಡ?

ವಿದ್ಯಾ, ಬನಶಂಕರಿ: ಮಂಜಣ್ಣ, ನಮ್ಮದು 30×40 ಸೈಟು. ಪಕ್ಕದ ಮನೆ ಅಡುಗೆಮನೆ ಕಿಟಕಿ ನೇರ ನಮ್ಮ ಅಂಗಳಕ್ಕೇ ಇದೆ. ಜಾಸ್ತಿ ನೀರು, ಕಟಿಂಗ್ ಕೇಳದ ಬೇಲಿ ಗಿಡ ಹೇಳಿ.

ಮಂಜುನಾಥ್ (ತೋಟಗಾರಿಕೆ): ಮಧುಕಾಮಿನಿ ಹಾಕಿ ಮೇಡಂ. ವರ್ಷಕ್ಕೆ ಎರಡು ಮೂರು ಸಲ ಕತ್ತರಿ ಆಡಿಸಿದರೆ ಸಾಕು. ಗೋಡೆಯಿಂದ ಎರಡಡಿ ಬಿಡಿ, ಗಿಡದಿಂದ ಗಿಡಕ್ಕೂ ಎರಡಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಿ. ಮೊದಲ ಬೇಸಿಗೆ ದಾಟುವ ತನಕ ನೀರು ತಪ್ಪಿಸಬೇಡಿ. ಕತ್ತರಿಸುವಾಗ ಬುಡ ಅಗಲ, ತುದಿ ಕಿರಿದಾಗಿರಲಿ. ಇಲ್ಲದಿದ್ದರೆ ಕೆಳಗೆ ಬಿಸಿಲು ಬೀಳದೆ ಬುಡ ಬೋಳಾಗುತ್ತದೆ. ಹತ್ತಿರ ನಿಂಬೆ ಗಿಡ ಇದ್ದರೆ ಮಾತ್ರ ಮಧುಕಾಮಿನಿ ಬೇಡ. ನಿಂಬೆಗೆ ರೋಗ ಹರಡುವ ಸಿಲ್ಲಾ ಕೀಟ ಇದರ ಎಳೆ ಚಿಗುರಲ್ಲೇ ಮೊಟ್ಟೆ ಇಡುತ್ತದೆ.

ಸುರೇಶ್: ಸರ್, ಬೇಗ ಬೆಳೆಯೋದು ಯಾವುದು? ನಾಲ್ಕು ತಿಂಗಳಲ್ಲಿ ಮರೆ ಆಗಬೇಕು.

ಮಂಜುನಾಥ್: ಬೇಗ ಬೆಳೆಯುವ ಗಿಡಕ್ಕೆ ಪದೇಪದೇ ಕತ್ತರಿ ಬೇಕು. ಡ್ಯುರಾಂಟಾ ಹಾಕಿದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕತ್ತರಿಸಬೇಕಾಗುತ್ತದೆ. ಅದರ ಕಾಯಿ ವಿಷ, ಮಕ್ಕಳ ಕೈಗೆ ಸಿಗಬಾರದು.

ಗೀತಾ: ಬಾಲ್ಕನಿ ಕುಂಡದಲ್ಲಿ ಬೇಲಿ ತರಹ ಬೆಳೆಸಬಹುದಾ?

ಫರೀದಾ: ಬಿಲ್ಡರ್ ಕೊನೊಕಾರ್ಪಸ್ ಹಾಕಿಕೊಡ್ತೀನಿ ಅಂತಿದ್ದಾರೆ.

ಮಂಜುನಾಥ್: ಬೇಡ. ಬೇರು ಪೈಪಿಗೆ, ಚರಂಡಿಗೆ ನುಗ್ಗುತ್ತದೆ. ಗುಜರಾತ್‌ನಲ್ಲಿ 2023ರಲ್ಲೇ ಅದನ್ನು ನೆಡಬಾರದು ಅಂತ ನಿಷೇಧ ಬಂತು.

ಶೋಭಾ: ಸರ್, ನಮ್ಮ ಬಾಡಿಗೆ ಮನೆಗೆ ಗೇಟಿನಿಂದ ಹಿತ್ತಲ ತನಕ ಕಣಗಿಲೆ ಬೇಲಿ ಇದೆ. ನೀರು ಹಾಕದಿದ್ದರೂ ಚೆನ್ನಾಗಿದೆ. ಮಾಲಿ ಕತ್ತರಿಸಿದ ಸೊಪ್ಪನ್ನು ಗೇಟಿನ ಹೊರಗೆ ರಾಶಿ ಹಾಕ್ತಾನೆ, ಬೀದಿ ಹಸುಗಳು ಬರ್ತವೆ. ಮಗನಿಗೆ ಎರಡು ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾನೆ. ಪರವಾಗಿಲ್ವಾ?

ಮಂಜುನಾಥ್: ಪರವಾಗಿಲ್ಲ ಅಂತ ಹೇಳಲಾರೆ ಅಮ್ಮ. ಇವತ್ತೇ ಆ ರಾಶಿ ತೆಗೆಸಿ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು ಎಲ್ಲವೂ ವಿಷ. ಅದು ನೇರ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಸಿ ಎಲೆ ಕಹಿ, ಹಸು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಬಾಡಿದ ಮೇಲೆ ಕಹಿ ಗೊತ್ತಾಗದೆ ಬೇರೆ ಸೊಪ್ಪಿನ ಜತೆ ತಿಂದುಬಿಡುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಸುಡಬೇಡಿ, ಹೊಗೆಯೂ ಕೆಟ್ಟದ್ದು. ಕೈಗವಸು ಹಾಕಿಕೊಂಡು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದವರಿಗೆ ಹೇಳಿಯೇ ಕೊಡಿ. ಮುರಿದ ಕಡ್ಡಿಯಿಂದ ಬಿಳಿ ಹಾಲು ಬರುತ್ತದೆ, ಮಾಲಿ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಬರೀ ಬುಡ ಕಡಿದರೆ ಮತ್ತೆ ಚಿಗುರುತ್ತದೆ, ಬೇರು ಸಮೇತ ಅಗೆಸಬೇಕು. ಆ ಜಾಗಕ್ಕೆ ದಾಸವಾಳ ಆಗಬಹುದು. ಬೇಸಿಗೆಯಲ್ಲಿ ಅದಕ್ಕೆ ಹಿಟ್ಟು ತಿಗಣೆ (ಬಿಳಿ ಹಿಟ್ಟಿನಂತೆ ಕಾಣುವ ಕೀಟ) ಬರುತ್ತದೆ, ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಬಹಳಷ್ಟು ಉದುರುತ್ತದೆ. ದಾಸವಾಳ ವಿಷವಲ್ಲ, ಅದರಿಂದ ಮಗನಿಗೆ ಏನೂ ಆಗದು.

ನಾಗರಾಜ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಕಳಿಸಿ: ವಿಷದ ಎಲೆ ತಿಂದರೆ ತಕ್ಷಣ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು.

ಮಂಜುನಾಥ್: ಯಾರಿಗೂ ಕಳಿಸಬೇಡಿ! ಉಪ್ಪುನೀರೇ ಮಗುವಿನ ಜೀವಕ್ಕೆ ಕಂಟಕ ಆಗಬಹುದು. ಬಾಯಲ್ಲಿ ಉಳಿದದ್ದನ್ನು ತೆಗೆದು, ಗಿಡದ ಒಂದು ಕಡ್ಡಿ ಚೀಲದಲ್ಲಿ ಹಾಕಿಕೊಂಡು ನೇರ ಆಸ್ಪತ್ರೆಗೆ ಓಡಿ. ಮನೆಮದ್ದು ಮಾಡುತ್ತ ಕೂತರೆ ಹೊತ್ತು ಹೋಗುತ್ತದೆ.

ನಾಗರಾಜ್: ಶಿವನಿಗೆ ಏರಿಸೋ ಹೂವನ್ನ ಹೀಗೆ ವಿಷ ವಿಷ ಅನ್ನೋದು ಸರಿಯಲ್ಲ. ನಮ್ಮ ಅಜ್ಜಿ ಕಾಲದಿಂದ ಹಿತ್ತಲಲ್ಲಿದೆ.

ರೇಖಾ: ದತ್ತೂರವನ್ನೂ ಶಿವನಿಗೆ ಏರಿಸ್ತಾರೆ. ತಿನ್ನೋಕೆ ಕೊಡ್ತೀರಾ?

ನಾಗರಾಜ್: ನಾನು ನಿಮ್ಮನ್ನ ಕೇಳಲಿಲ್ಲ.

ರೇಖಾ: ಗ್ರೂಪಲ್ಲಿ ಹಾಕಿದ್ರೆ ಎಲ್ಲರನ್ನೂ ಕೇಳಿದ ಹಾಗೇ. ಮಗು ವಿಷಯ ನಡೀತಿರುವಾಗ ಈ ಫಾರ್ವರ್ಡ್ ಯಾಕೆ ಬೇಕಿತ್ತು?

ಪ್ರಕಾಶ್: ಇಬ್ಬರೂ ಸಾಕು ಮಾಡಿ. ಮಧುಕಾಮಿನಿ ಒಂದಕ್ಕೆ ಎಷ್ಟು ರೇಟು?

ಹರೀಶ್: ಬೇಗ ಬೆಳೆಯುವ ಬೇಲಿ ಗಿಡ ಹೇಳಿ ಸರ್. ದಿನಾ ಕಾವೇರಿ ನೀರು ಬಿಡ್ತೀನಿ, ತೊಂದರೆ ಇಲ್ಲ.

ಮಂಜುನಾಥ್: ಗಿಡದ ಬಗ್ಗೆ ಮೇಲೆ ಓದಿ. ಇನ್ನು ನೀರು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಅಂತ ಬೆಂಗಳೂರು ಜಲಮಂಡಳಿ ಆದೇಶ ಮಾಡಿತ್ತು. ತರಕಾರಿ ತೊಳೆದ ನೀರು ಹಾಕಿ.

ಹರೀಶ್: ಕೇಳಿದ್ದಕ್ಕೆ ಇಷ್ಟು ಖಾರವಾಗಿ ಹೇಳಬೇಕಾ?

ಶೋಭಾ: ಸರ್, ರಾಶಿ ತೆಗೆಸಿದೆ. ಓನರ್ ಗಿಡ ಕೀಳೋಕೆ ಒಪ್ತಿಲ್ಲ. ಹೈವೇ ಡಿವೈಡರಲ್ಲೇ ಹಾಕಿದ್ದಾರಲ್ಲ ಅಂತಾರೆ.

ಮಂಜುನಾಥ್: ಡಿವೈಡರಲ್ಲಿ ಮಗು ಆಡುವುದಿಲ್ಲ ಅಂತ ಹೇಳಿ. ನನ್ನ ಉತ್ತರವನ್ನು ಹಾಗೇ ಅವರಿಗೆ ತೋರಿಸಿ. ಅವರು ಒಪ್ಪುವ ತನಕ ಒಳಗಡೆಯಿಂದ ಮೂರಡಿ ಎತ್ತರಕ್ಕೆ ಜಾಲರಿ ಕಟ್ಟಿಸಿ, ಬೆಳಿಗ್ಗೆ ಮಗನನ್ನು ಹೊರಗೆ ಬಿಡುವ ಮೊದಲು ಉದುರಿದ ಎಲೆ, ಹೂವು ಗುಡಿಸಿಬಿಡಿ.